ಗ್ಲೊರಾಂಥಾ: ಮೊರೊಕಾಂತ್‌ಗಳ ಮಂದೆಮನುಷ್ಯರು ಮನುಷ್ಯರಾ, ಅಲ್ವಾ?

ರೊಪ್ಪದ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೇಲಿ ರೂನ್‌ಕ್ವೆಸ್ಟ್ (ಪಾತ್ರ ಹಾಕಿ, ದಾಳ ಉರುಳಿಸಿ ಆಡೋ ಕಥೆಯಾಟ) ನಡೆಸ್ತಾ ಇದೀನಿ. ಪೂರ್ತಿ ಕನ್ನಡದಲ್ಲೇ ಆಡ್ತೀವಿ. ನಾಲ್ಕು ಜನ ಆಟಗಾರರು. ಹೋದ ವಾರ ಆಟ ಅರ್ಧಕ್ಕೆ ನಿಂತುಹೋಯ್ತು. ಜಗಳ ಏನೂ ಆಗಲಿಲ್ಲ. ಅವರು ಕೇಳಿದ ಪ್ರಶ್ನೆಗೆ ಜಿಎಂ (ಆಟ ನಡೆಸೋನು) ಆಗಿ ನನ್ನ ಹತ್ರ ಉತ್ತರ ಇರಲಿಲ್ಲ, ಅಷ್ಟೇ.

ಹೊಸಬರಿಗೋಸ್ಕರ ಸ್ವಲ್ಪ ಹಿನ್ನೆಲೆ. ಗ್ಲೊರಾಂಥಾ ಅನ್ನೋದು ಗ್ರೆಗ್ ಸ್ಟಾಫರ್ಡ್ 1966ರಿಂದ ಕಟ್ಟುತ್ತಾ ಬಂದ ಲೋಕ. 1978ರಲ್ಲಿ ರೂನ್‌ಕ್ವೆಸ್ಟ್ ಬಂದಾಗಿನಿಂದ ಜನ ಅದರೊಳಗೆ ಪಾತ್ರ ಹಾಕ್ತಾ ಇದ್ದಾರೆ. ನಮ್ಮ ಕಥೆ ನಡೆಯೋದು ಪ್ರಾಕ್ಸ್ ಅನ್ನೋ ಒಣ ಬಯಲಲ್ಲಿ. ಅಲ್ಲಿ ಐದು ದೊಡ್ಡ ಬುಡಕಟ್ಟು: ಬೈಸನ್, ಹೈ ಲಾಮಾ, ಇಂಪಾಲಾ, ಸೇಬಲ್, ಮೊರೊಕಾಂತ್. ಮೊದಲ ನಾಲ್ಕರಲ್ಲಿ ಮನುಷ್ಯರು ಪ್ರಾಣಿಗಳನ್ನ ಮೇಯಿಸ್ತಾರೆ. ಐದನೇದರಲ್ಲಿ ಟೇಪಿರ್ ಮೂತಿಯ, ಹೆಬ್ಬೆರಳಿಲ್ಲದ ಮೊರೊಕಾಂತ್‌ಗಳು ಮನುಷ್ಯರನ್ನ ಮೇಯಿಸ್ತಾರೆ. ಅಂದ್ರೆ ಮನುಷ್ಯರ ಹಾಗೇ ಕಾಣೋ, ಮಾತಿಲ್ಲದ, ಯೋಚನೆ ಇಲ್ಲದ ಮಂದೆಯನ್ನ. ನಮ್ಮ ಟೇಬಲ್‌ನಲ್ಲಿ ಅವುಗಳಿಗೆ ಮಂದೆಮನುಷ್ಯರು ಅಂತೀವಿ.

ನನ್ನ ತಂಗಿ ಮೊರೊಕಾಂತ್ ಆಡ್ತಾಳೆ. ಅವಳ ಹತ್ರ ಹನ್ನೊಂದು ಮಂದೆಮನುಷ್ಯರು. ಒಬ್ಬ ಗೆಳೆಯನದು ಬೈಸನ್ ಸವಾರ. ಇನ್ನೊಬ್ಬನದು ಬಾತುಕೋಳಿ ಕುಲದ ಹುಮಕ್ತಿ, ಅಂದ್ರೆ ಸಾವಿನ ದೇವರು ಹುಮಕ್ತ್‌ಗೆ ನಡಕೊಳ್ಳೋ ಯೋಧ. ನಾಲ್ಕನೇ ಆಟಗಾರ್ತಿ ದಿನವೆಲ್ಲಾ ನರ್ಸ್ ಕೆಲಸ ಮಾಡಿ ಬಂದು ಆಟದಲ್ಲೂ ಚಲಾನಾ ಅರಾಯ್ ದೇವತೆಯ ವೈದ್ಯೆ ಆಗಿರ್ತಾರೆ.

ಹೋದ ವಾರ ಝೋಲಾ ಫೆಲ್ ನದಿ ಹತ್ರ ಬ್ರೂಗಳು (ಮೇಕೆ ತಲೆಯ ರಾಕ್ಷಸರು) ಮೇಲೆ ಬಿದ್ದವು. ಗಲಾಟೆಯಲ್ಲಿ ಒಂದು ಈಟಿ ಗುರಿ ತಪ್ಪಿ ಮಂದೆಗೆ ಹೋಯ್ತು. ಏಟು ಎಲ್ಲಿಗೆ ಬಿತ್ತು ಅಂತ ಇಪ್ಪತ್ತು ಮುಖದ ದಾಳ ಉರುಳಿಸಿದೆ, 3 ಬಿತ್ತು. ಬಲಗಾಲು. ಕೂಡಲೇ ನರ್ಸ್ ಕೇಳಿದ್ರು, 'ನೀನು ಈಗ ನೋಡಿದ್ದು ಯಾವ ಪಟ್ಟಿ? ಪ್ರಾಣಿಗಳದ್ದಾ, ಮನುಷ್ಯರದ್ದಾ?' ಮನುಷ್ಯರದ್ದೇ. ಎರಡು ಕಾಲು, ಎರಡು ಕೈ, ತಲೆ. ಅವರ ವೈದ್ಯೆ ಮಂಡಿಯೂರಿ ಗಾಯ ಕಟ್ಟಿದಳು. 'ಅವನು ನನ್ನ ಮುಖ ನೋಡ್ತಾನಾ?' ಅಂತ ಕೇಳಿದ್ರು. ನೋಡ್ತಾನೆ ಅಂದೆ. ಅಲ್ಲಿಗೆ ಎಲ್ಲರೂ ಸುಮ್ಮನಾದ್ರು. ತಂಗಿ ಒಬ್ಬಳು ಮಾತ್ರ, 'ಬೈಸನ್ ಅವನದ್ದಾದ್ರೆ ಇವು ನನ್ನವು' ಅಂದಳು.

ನಾನು ಹಿರಿಯೂರು ಕಡೆಯೋನು. ಅಜ್ಜನ ಕುರಿ ಮಂದೆ ಹಿಂದೆ ಓಡಾಡಿಕೊಂಡೇ ಬೆಳೆದೋನು. ಅದಕ್ಕೋ ಏನೋ, ಇದನ್ನ ಒಂದು ಮಾತಲ್ಲಿ ತೀರಿಸಿ ಮುಂದೆ ಹೋಗೋಕೆ ನನಗೆ ಮನಸ್ಸು ಬರ್ತಿಲ್ಲ. ನಿಜವಾಗಿ ತಿಳ್ಕೋಬೇಕು: ಮಂದೆಮನುಷ್ಯರನ್ನ ಗ್ಲೊರಾಂಥಾ ಏನಂತ ಎಣಿಸುತ್ತೆ? ಯಾರು ಯಾರನ್ನ ಮೇಯಿಸಬೇಕು ಅಂತ ವಾಹಾ ದೇವರು ಇಟ್ಟ ಪಂದ್ಯದಲ್ಲಿ ಮೊರೊಕಾಂತ್‌ಗಳು ಮೋಸ ಮಾಡಿದ್ರು ಅಂತಾರಲ್ಲ, ಅದನ್ನ ಅವರದೇ ವಾಹಾ ಪೂಜಾರಿಗಳು ಹೇಗೆ ಹೇಳಬಹುದು? ಚಲಾನಾ ಅರಾಯ್ ವ್ರತ ಇಲ್ಲಿ ಏನು ಬೇಡುತ್ತೆ?

ಭಾಷೆ ಬಗ್ಗೆ ಒಂದು ಮಾತು. ದೇವರ ಹೆಸರು 'ವಾಹ' ಅಂತ ಬರೆದ್ರೆ ಷಷ್ಠಿಯಲ್ಲಿ 'ವಾಹನ' ಆಗಿಬಿಡುತ್ತೆ, ಅದಕ್ಕೆ 'ವಾಹಾ ದೇವರ' ಅಂತ ಬಳಸ್ತೀನಿ. ಇನ್ನು 'ಕಲ್ಟ್' ಪದ. ಹಾಗೇ ಇಟ್ಟರೆ ಪೇಪರ್‌ನಲ್ಲಿ ಬರೋ ಡೋಂಗಿ ಬಾಬಾಗಳ ನೆನಪು ಬರುತ್ತೆ, 'ಪಂಥ' ಅಂದ್ರೆ ಬರೀ ತತ್ವ ಅನ್ನಿಸುತ್ತೆ. ನಾವು 'ಒಕ್ಕಲು' ಅಂತೀವಿ. ಮಾದಪ್ಪನ ಒಕ್ಕಲು ಅಂತೀವಲ್ಲ, ಹಾಗೆ ವಾಹಾ ದೇವರ ಒಕ್ಕಲು. ಇದಕ್ಕಿಂತ ಒಳ್ಳೆ ಪದ ಇದ್ರೆ ಹೇಳಿ.

ಪೇವಿಸ್ ಪಂಡಿತ

ಪ್ರಶ್ನಿ ಭಾಳ ಛಲೋ ಅದ. ಆದ್ರ 'ಅವು ಮನುಷ್ಯರೇನು' ಅಂತ ಕೇಳೂಕಿಂತ ಮೊದಲ 'ಯಾರನ್ನ ಕೇಳಾಕತ್ತೀನಿ' ಅಂತ ನೋಡ್ಕೋರಿ. ಗ್ಲೊರಾಂಥಾದಾಗ ಮ್ಯಾಲ ಕುಂತು ತೀರ್ಪು ಹೇಳಾವ ಯಾರೂ ಇಲ್ಲ. ಒಂದೊಂದು ದೇವರ ಮಂದಿಗೆ ಒಂದೊಂದು ಕತಿ, ಮತ್ತ ಆ ಕತಿ ಮ್ಯಾಲ ಅವರ ಮಂತ್ರ ನಡೀತದ. ನಡೀತದ ಅಂದ ಮ್ಯಾಲ ಸುಳ್ಳು ಅನ್ನಾಕ ಬರಂಗಿಲ್ಲ.

ಕತಿ ಹಿಂಗದ. ಪ್ರಾಕ್ಸ್ ಮೊದಲ ಬಯಲಾಗಿರಲಿಲ್ಲ, ಗೆನೆರ್ಟ್ ಅನ್ನೂ ದೇವರ ತ್ವಾಟದ ಭಾಗ ಇತ್ತು. ಮಹಾಕತ್ತಲಿ ಕಾಲಕ್ಕ ಗೆನೆರ್ಟ್ ಸತ್ತ, ತ್ವಾಟ ಬೂದಿ ಆತು. ಸ್ಟಾರ್ಮ್ ಬುಲ್ ಸೈತಾನನ ಕೂಡ ಗುದ್ದಾಡಿ ಅವನ ಮ್ಯಾಲ ಬ್ಲಾಕ್ ಅನ್ನೂ ಬಂಡಿಗಲ್ಲು ಕೆಡವಿದ. ಅವ ಗೆದ್ದ ಖರೆ, ಆದ್ರ ನೆಲದಾಗ ಹುಲ್ಲ ಉಳೀಲಿಲ್ಲ. ಉಳಿದ ಹಿಡಿ ಹುಲ್ಲಿಗೆ ಎಲ್ಲಾರೂ ಬಾಯಿ ಹಾಕಿದ್ರ ಎಲ್ಲಾರೂ ಸಾಯ್ತಾರ. ಆವಾಗ ಸ್ಟಾರ್ಮ್ ಬುಲ್ ಮತ್ತ ಹಿಂಡಿನ ತಾಯಿ ಐರಿತಾ ಇವರ ಮಗ ವಾಹಾ, ಮನುಷ್ಯಾರನ್ನ ಮತ್ತ ಪ್ರಾಣಿಗಳನ್ನ ಜೋಡಿ ಜೋಡಿ ನಿಲ್ಲಿಸಿ ಪಂದ್ಯ ಇಟ್ಟ. ಸೋತವರು ಬುದ್ಧಿ ಬಿಟ್ಟುಕೊಟ್ಟು ಹುಲ್ಲು ಮೇಯಬೇಕು, ಗೆದ್ದವರು ಅವರನ್ನ ಕಾಯ್ದು, ಅವರನ್ನ ಉಂಡು ಬದುಕಬೇಕು. ಮನುಷ್ಯಾರು ಎಲ್ಲಾ ಕಡೆ ಗೆದ್ರು, ಮೊರೊಕಾಂತ್ ಮುಂದ ಒಂದು ಸೋತ್ರು.

ಈಗ ನಿಮ್ಮ ಬೈಸನ್ ಸವಾರನ್ನ ತಗೋರಿ. ಅವಂಗ ಮೊರೊಕಾಂತ್ ಕಂಡ್ರ ಆಗಂಗಿಲ್ಲ, 'ಮೋಸ ಮಾಡ್ಯಾರ' ಅಂತ ಬೆಂಕಿ ಮುಂದ ಕುಂತಾಗೆಲ್ಲಾ ಅಂತಾನ. ಅನ್ಲಿ. ಆದ್ರ 'ಆ ಒಡಂಬಡಿಕಿನೇ ಖೊಟ್ಟಿ' ಅಂತ ಎಂದಾದ್ರೂ ಅಂದಾನೇನು? ಅನ್ನಂಗಿಲ್ಲ. ಅದೇ ಒಡಂಬಡಿಕಿ ಮ್ಯಾಲ ಅವನ ಊಟ ನಿಂತದ. ಒಂದು ಜೋಡಿ ಪಂದ್ಯ ಖೊಟ್ಟಿ ಅಂದ್ರ ಐದೂ ಖೊಟ್ಟಿ. ಅವನ ಬೈಸನ್ನೂ ಒಂದು ಕಾಲಕ್ಕ ಮಾತಾಡತಿತ್ತು ಅನ್ನೂದನ್ನ ಅವ ಮರೀಬಾರದು. ನಿಮ್ಮ ನರ್ಸ್ ಬಾಯಿ ಮಂದೆಮನುಷ್ಯನ ಕಣ್ಣಾಗ ಕಂಡದ್ದು ಬೈಸನ್ ಕಣ್ಣಾಗೂ ಅದ. ನಮ್ಮ ಮಾರಿ ಹಂಗ ಇರೂ ಮಾರಿ ಒಳಗಿಂದ ನೋಡಿದಾಗ ಮಾತ್ರ ನಮಗ ಚುರ್ ಅಂತದ.

ಅದಕ್ಕ ನಾ ಅನ್ನೂದು, ಕುಲ ಬ್ಯಾರೆ, ಒಕ್ಕಲು ಬ್ಯಾರೆ. ಬೈಸನ್ ಸವಾರ ಮತ್ತ ಮೊರೊಕಾಂತ್ ಬ್ಯಾರೆ ಕುಲ, ಆದ್ರ ಒಂದೇ ದೇವರ ಒಕ್ಕಲು. ಇಬ್ಬರೂ ಒಂದೇ ಶಾಂತಿಕೊಯ್ತ ಕಲ್ತಿರ್ತಾರ. ಕೊಯ್ಯೂ ಮುಂದ ಜೀವವನ್ನ ಐರಿತಾ ತಾಯಿ ಕಡೆ ತಿರುಗಿ ಕಳಸೂ ವಿದ್ಯಾ ಅದು. ಹಂಗ ಕಳಿಸದ ಕೊಂದ್ರ ಇಬ್ಬರಿಗೂ ಅದು ಪಾಪ. ಪರದೇಶಿ ಕುದುರಿ ಸವಾರರನ್ನ ಪ್ರಾಕ್ಸ್ ಮಂದಿ ಯಾಕ ಹತ್ರ ಬಿಟ್ಟುಕೊಳ್ಳಂಗಿಲ್ಲ? ಕುದುರಿ ಐರಿತಾ ಮಗು ಅಲ್ಲ. ಮೊರೊಕಾಂತ್‌ನ ಬೈತಾರ, ಆದ್ರ ಅಂವ ಮನಿಯಾವ.

ರೂನ್ (ಲೋಕದ ಮೂಲಶಕ್ತಿಯ ಗುರುತು) ಲೆಕ್ಕದಾಗೂ ಇದ ಬರತದ. ಪಾತ್ರದ ಹಾಳಿಯೊಳಗ ಮನುಷ್ಯ ರೂನ್ ಮತ್ತ ಮೃಗ ರೂನ್ ಎದುರಾಬದುರು, ಎರಡೂ ಕೂಡಿ 100. ಮಂದೆಮನುಷ್ಯಾರ ಪಾಲಿಗೆ ಆ ತಕ್ಕಡಿ ಪೂರಾ ಒಂದು ಕಡೆ ವಾಲ್ಯದ ಅಂತ ತಿಳೀರಿ.

'ಒಕ್ಕಲು' ನನಗ ಭಾಳ ಸೇರ್ತು. ಒಂದ ತಕರಾರು: ಹುಮಕ್ತ್‌ಗೆ ಹೊಂದಂಗಿಲ್ಲ. ಒಕ್ಕಲು ಅಂದ್ರ ಮನಿತನಕ್ಕ ಬಂದದ್ದು, ಅಪ್ಪ ನಡಕೊಂಡ ದೇವರಿಗೆ ಮಗ ನಡಕೊಳ್ಳೂದು. ಹುಮಕ್ತ್ ಹಂಗಲ್ಲ. ಅವ ಸಾವಿನ ಕತ್ತಿ ಹಿಡದ ದಿನ ಬಂಧು ಬಳಗ ಕಡಕೊಂಡ. ಅವನ ಕಡೆ ಹೋದವರಿಗೆ ಒಕ್ಕಲು ಅನ್ನಬ್ಯಾಡ್ರಿ, ದೀಕ್ಷಾ ತಗೊಂಡವರು ಅನ್ರಿ.

ಬಿಳಿ ಸೆರಗು

ನಾಲ್ಕು ವರ್ಷ ಚಲಾನಾ ಅರಾಯ್ ವೈದ್ಯೆಯ ಪಾತ್ರ ಆಡಿದ್ದೇನೆ, ಹಾಗಾಗಿ ಮೂರನೇ ಪ್ರಶ್ನೆಗೆ ಉತ್ತರಿಸುತ್ತೇನೆ.

ವ್ರತದಲ್ಲಿ ಎರಡು ಭಾಗ ಇದೆ. ಬುದ್ಧಿಯುಳ್ಳ ಯಾವ ಜೀವಿಗೂ ಹಾನಿ ಮಾಡಬಾರದು. ಉಳಿದ ಯಾವ ಜೀವಕ್ಕೂ ಅನಗತ್ಯವಾಗಿ ನೋವು ಕೊಡಬಾರದು. ಮಂದೆಮನುಷ್ಯ ಮೊದಲ ಸಾಲಿಗೆ ಸೇರುತ್ತಾನೋ ಎರಡನೆಯದಕ್ಕೋ ಎಂದು ನಿಮ್ಮ ಗೆಳತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಾಯ ಕಟ್ಟುವ ಕೈಗೆ ಎರಡೂ ಒಂದೇ. ಅವರು ಮಂಡಿಯೂರಿದರಲ್ಲ, ಅಲ್ಲಿಗೆ ವ್ರತ ಪಾಲನೆ ಆಯಿತು.

ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಮೊರೊಕಾಂತ್ ನಾಳೆ ಅದೇ ಜೀವವನ್ನು ಕೊಯ್ಯುತ್ತಾಳೆ ಎಂದು ಗೊತ್ತಿದ್ದೂ ವೈದ್ಯೆ ಅವಳ ಜೊತೆ ಪ್ರಯಾಣ ಮಾಡಬಹುದೇ? ಮಾಡಬಹುದು. ಬೆಳಕು ತರಲು ಪಾತಾಳಕ್ಕೆ ಹೊರಟ ಏಳು ಜನರಲ್ಲಿ ಚಲಾನಾ ಅರಾಯ್ ಕೂಡ ಇದ್ದಳು. ಸೂರ್ಯ ಯೆಲ್ಮ್‌ನನ್ನು ಕೊಂದ ಬಿರುಗಾಳಿ ದೇವರು ಓರ್ಲಾಂತ್ ಅವಳ ಪಕ್ಕದಲ್ಲೇ ನಡೆಯುತ್ತಿದ್ದ. ಸಾವು ಲೋಕಕ್ಕೆ ಬರಲು ಕಾರಣನಾದ ಯೂರ್ಮಲ್ ಕೂಡ ಇದ್ದ. ಅವಳು ಕೊಲೆಗಾರರನ್ನು ಬಿಟ್ಟು ಬೇರೆ ದಾರಿ ಹಿಡಿಯಲಿಲ್ಲ. ಕೊಲ್ಲಲೂ ಇಲ್ಲ. ಆ ಗುಂಪಿನಲ್ಲಿ ಅವಳಿಲ್ಲದಿದ್ದರೆ ಸತ್ತವನ ಮುಂದೆ ಹೋಗಿ ನಿಲ್ಲುವ ಮುಖ ಉಳಿದವರಿಗೆ ಇರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಆದರೆ ಪಂಡಿತರ ಮಾತಿಗೆ ನನ್ನದೊಂದು ವಿರೋಧ ಇದೆ. 'ಯಾರನ್ನ ಕೇಳಾಕತ್ತೀನಿ' ಎಂಬುದು ಲೋಕದ ಒಳಗಿನ ಉತ್ತರ. ಮೇಜಿನ ಸುತ್ತ ಕುಳಿತವರು ಆ ಲೋಕದವರಲ್ಲ. ಮನುಷ್ಯರಂತೆ ಕಾಣುವವರನ್ನು ಮುಳ್ಳುಬೇಲಿಯೊಳಗೆ ಕೂಡಿಹಾಕಿ, ಇವರಿಗೆ ಬುದ್ಧಿಯಿಲ್ಲ ಎನ್ನುವ ಮಾತು ನಮ್ಮ ಲೋಕದಲ್ಲೂ ಬಹಳ ಸಲ ಹೇಳಲಾಗಿದೆ, ಪ್ರತಿ ಸಲವೂ ಸುಳ್ಳೇ. ಅದು ನೆನಪಾಗಿ ಒಬ್ಬರಿಗೆ ಹೊಟ್ಟೆ ತೊಳಸಿದರೆ ವಾಹಾ ದೇವರ ಒಡಂಬಡಿಕೆ ವಿವರಿಸಿ ಪ್ರಯೋಜನ ಇಲ್ಲ. ಮುಂದಿನ ಭಾನುವಾರ ದಾಳ ಮುಟ್ಟುವ ಮುಂಚೆ ನಿಮ್ಮ ಗೆಳತಿಯನ್ನು ನೇರವಾಗಿ ಕೇಳಿ: ಇದು ನಿಮಗೆ ಆಡಬೇಕೆನಿಸುವ ನೋವೋ, ಬೇಡದ ನೋವೋ?

ನಮ್ಮ ಟೇಬಲ್‌ನಲ್ಲಿ ಬ್ರೂಗಳಿದ್ದಾರೆ, ಅವರ ತಾಯಿ ಥೆಡ್ ಇದ್ದಾಳೆ, ರೋಗದ ಮಾಲಿಯಾ ಇದ್ದಾಳೆ. ಆದರೆ ಬ್ರೂಗಳು ಹೇಗೆ ಹುಟ್ಟುತ್ತಾರೆ ಎಂಬುದನ್ನು ಒಮ್ಮೆಯೂ ಆಟಕ್ಕೆ ತಂದಿಲ್ಲ. ಒಬ್ಬರು ಬೇಡ ಎಂದರು, ಅಷ್ಟು ಸಾಕಾಯಿತು. ಗ್ಲೊರಾಂಥಾ ಆಡುವವರಲ್ಲಿ ಒಂದು ಮಾತಿದೆ, ನಿಮ್ಮ ಗ್ಲೊರಾಂಥಾ ಬೇರೆಯೇ ಆಗಿರುತ್ತದೆ ಎಂದು. ಆ ಮಾತು ಇರುವುದೇ ಇಂಥ ಹೊತ್ತಿಗೆ.

ಕಪ್ಪುಗಾಜು

ನಾನು ಟ್ರೋಲ್‌ಗಳ (ಕತ್ತಲಿನ ದೈತ್ಯ ಕುಲದ) ಪಕ್ಷಪಾತಿ, ಮೊದಲೇ ಹೇಳ್ಬಿಡ್ತೀನಿ. ಕುಲ ಬೇರೆ ಒಕ್ಕಲು ಬೇರೆ ಅಂದ್ರಲ್ಲ ಪಂಡಿತರು, ಅದು ಅತಿ ಚೆನ್ನಾಗಿ ಕಾಣೋದು ಉಜ್ ಜನರಲ್ಲಿ. ಉಜ್ ಅಂದ್ರೆ ಟ್ರೋಲ್‌ಗಳು ತಮ್ಮನ್ನ ತಾವೇ ಕರ್ಕೊಳ್ಳೋ ಹೆಸರು.

ಅವರ ಮೂಲ ಮನೆ ಪಾತಾಳದ ಕತ್ತಲು. ಸತ್ತ ಸೂರ್ಯ ಅಲ್ಲಿಗಿಳಿದಾಗ ಆ ಬೆಳಕಿಗೆ ಮೈ ಸುಟ್ಟು ಮೇಲಕ್ಕೆ ಓಡಿ ಬಂದವರು. ಅವರೆಲ್ಲರ ತಾಯಿ ಕೈಗರ್ ಲಿಟರ್. ಕುಲವೂ ಅವಳೇ, ದೇವರೂ ಅವಳೇ. ಹಾಗಂತ ಬಾಗಿಲು ಮುಚ್ಚಿಲ್ಲ. ಹಳೇ ಕಾಲದ ಗಬಾಜಿ ಯುದ್ಧದಲ್ಲಿ ಆರ್ಕಾಟ್ ಅನ್ನೋ ವೀರ ಮನುಷ್ಯನಾಗಿ ಬಂದವನು ಟ್ರೋಲ್ ಆಗಿ ಮರುಹುಟ್ಟಿದ. ಉಜ್ ಇವತ್ತಿಗೂ ಅವನನ್ನ ತಮ್ಮವನು ಅಂತಾರೆ. ಆರ್ಗನ್ ಆರ್ಗರ್ ಅಂತೂ ಮನುಷ್ಯರಿಗೂ ಟ್ರೋಲ್‌ಗಳಿಗೂ ನಡುವೆ ವ್ಯಾಪಾರ ನಡೆಸೋ ದೇವರೇ. ನನ್ನ ಹೆಸರು ಬಂದಿರೋದೂ ಅವನು ಬೆಂಕಿಬೆಟ್ಟದ ದೇವರು ಲೋಡ್ರಿಲ್ ಕೈಲಿ ಕಟ್ಟಿಸಿದ ಕಪ್ಪುಗಾಜಿನ ಅರಮನೆಯಿಂದ.

ನಿಮ್ಮ ಪ್ರಶ್ನೆಗೆ ಹತ್ತಿರದ್ದು ಟ್ರೋಲ್‌ಕಿನ್ ವಿಷಯ. ನೈಸಲೋರ್ ಅನ್ನೋ ದೇವರ ಶಾಪದಿಂದ ಉಜ್ ತಾಯಂದಿರಿಗೆ ಒಂದೇ ಸೂಲಲ್ಲಿ ಹಲವು ಸಣಕಲು ಮರಿ ಹುಟ್ಟೋಕೆ ಶುರುವಾಯ್ತು. ಅವೇ ಟ್ರೋಲ್‌ಕಿನ್, ಅವರ ಭಾಷೆಯಲ್ಲಿ ಎನ್ಲೋ. ಕೆಲವನ್ನ ಕೆಲಸಕ್ಕೆ ಇಟ್ಕೊಳ್ತಾರೆ, ಕೆಲವಕ್ಕೆ ಕವಣೆ, ಈಟಿ ಕಲಿಸ್ತಾರೆ, ಹಸಿವಾದಾಗ ಕೆಲವನ್ನ ತಿಂತಾರೆ. ಮಂದೆಮನುಷ್ಯರಿಗಿಂತ ನನಗೆ ಇದೇ ಹೆಚ್ಚು ಕಲಕೋದು. ಟ್ರೋಲ್‌ಕಿನ್‌ಗೆ ಮಾತು ಬರುತ್ತೆ. ಅದು ಹೊಟ್ಟೇಲಿ ಹುಟ್ಟಿದ ಮಗು. ಪ್ರತಿ ಟ್ರೋಲ್‌ಕಿನ್ ಮುಖದಲ್ಲೂ ತಾಯಿ ತನಗೆ ಹುಟ್ಟಬೇಕಿದ್ದ ದೊಡ್ಡ ಮಗನನ್ನ ಕಾಣ್ತಾಳೆ. ನನ್ನ ಟ್ರೋಲ್ ಪಾತ್ರಕ್ಕೆ ಹನ್ನೆರಡು ಟ್ರೋಲ್‌ಕಿನ್ ತಮ್ಮಂದಿರಿದ್ರು. ಜಿಎಂ ಪ್ರತಿಯೊಬ್ಬನ ಹೆಸರು ಹೇಳು ಅಂದ್ರು. ನಾಲ್ಕಕ್ಕೆ ನಿಂತುಬಿಟ್ಟೆ. ಅವತ್ತಿಂದ ಆ ಪಾತ್ರ ಆಡೋ ರೀತಿನೇ ಬದಲಾಯ್ತು.

ನಿಮ್ಮ ತಂಗಿಗೂ ಇದನ್ನೇ ಕೇಳಿ ನೋಡಿ. ಹನ್ನೊಂದಕ್ಕೂ ಹೆಸರಿದೆಯಾ?

ರೊಪ್ಪದ ಹುಡುಗ

ಮೂವರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಆಟ ಆಯ್ತು. ಏನಾಯ್ತು ಅಂತ ಬರೀದೇ ಇರೋಕಾಗ್ಲಿಲ್ಲ.

ಮೊದಲು ನರ್ಸ್ ಗೆಳತಿಯನ್ನ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, 'ಆಡೋಣ, ಆದ್ರೆ ಬೇಗ ಬೇಗ ದಾಟಿಸಬೇಡ' ಅಂದ್ರು. ಪಂಡಿತರ ಕಥೆಯನ್ನ ಬೈಸನ್ ಸವಾರನ ಬಾಯಲ್ಲಿ ಹೇಳಿಸಿದೆ. 'ನನ್ನ ಬೈಸನ್ ಕೂಡ ಮಾತಾಡ್ತಿತ್ತು' ಅನ್ನೋವಾಗ ಅವನ ದನಿ ತಾನಾಗೇ ಇಳೀತು. ಒಡಂಬಡಿಕೆ ಖೊಟ್ಟಿ ಅನ್ನೋಕೆ ಅವನಿಂದ ನಿಜಕ್ಕೂ ಆಗಲಿಲ್ಲ.

ಆಮೇಲೆ ಕಥೆಯಲ್ಲಿ ಊಟ ಮುಗೀತು. ಐರಿತಾ ತಾಯಿಯ ಪೇಪ್ಸ್ ಗುಡಿಗೆ ಇನ್ನೂ ಎರಡು ದಿನದ ದಾರಿ. ತಂಗಿ ಒಂದನ್ನ ಕೊಯ್ಯಬೇಕಾಯ್ತು.

ಇಲ್ಲಿ ನಮ್ಮಜ್ಜನ ವಿಷಯ ಹೇಳ್ಲೇಬೇಕು. ನಮ್ಮ ಹಟ್ಟೀಲಿ ದೇವರಿಗೆ ಕುರಿ ಕೊಡೋ ದಿನ ಅದನ್ನ ತೊಳೆದು, ಅರಿಶಿನ ಹಚ್ಚಿ, ಗುಡಿ ಮುಂದೆ ನಿಲ್ಲಿಸ್ತಾರೆ. ತಂಬಿಗೆ ನೀರನ್ನ ತಲೆಯಿಂದ ಬೆನ್ನುದ್ದಕ್ಕೂ ಹುಯ್ತಾರೆ. ಆಮೇಲೆ ಕಾಯ್ತಾರೆ. ಕುರಿ ಒಮ್ಮೆ ಮೈ ಒದರಿದ್ರೆ ಒಪ್ಪಿಗೆ. ಒದರೋ ತನಕ ಕತ್ತಿ ಎತ್ತೋ ಹಾಗಿಲ್ಲ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ಟಗರು ಒದರಲೇ ಇಲ್ಲ. ಮೂರು ತಂಬಿಗೆ ಹುಯ್ದ್ರು. ನೀರು ಉಣ್ಣೆಯಿಂದ ಹನಿ ಹನಿ ಇಳೀತಿದೆ, ಟಗರು ಕಲ್ಲಿನ ಹಾಗೆ ನಿಂತಿದೆ. ತಮಟೆಯೋರೂ ನಿಲ್ಲಿಸಿದ್ರು. ನಾಲ್ಕನೇ ತಂಬಿಗೆ ತರೋಕೆ ಹೊರಟೋರನ್ನ ಅಜ್ಜ ಕೈಯಡ್ಡ ಹಿಡಿದು ತಡೆದ್ರು. ಹಗ್ಗ ಬಿಚ್ಚಿ, ಟಗರಿನ ಬೆನ್ನು ತಟ್ಟಿ, ರೊಪ್ಪದ ಕಡೆ ತಿರುಗಿಸಿ ಬಿಟ್ರು. ಬೇರೆ ಕುರಿ ತರೋಕೆ ಹೇಳಿದ್ರು. ಆ ಟಗರು ಮುದಿಯಾಗಿ ರೊಪ್ಪದಲ್ಲೇ ಸತ್ತಿತು, ಕಂಬಳಿ ಮುಚ್ಚಿ ಹೂಳಿದ್ವಿ.

ತಂಗಿಗೂ ಆ ದಿನ ನೆನಪಿದೆ. ನಾನೇನೂ ಹೇಳಲಿಲ್ಲ. ಅವಳೇ, 'ನಮ್ಮ ಶಾಂತಿಕೊಯ್ತದಲ್ಲಿ ನೀರು ಹುಯ್ತೀವಿ' ಅಂದಳು. ಪುಸ್ತಕದಲ್ಲಿ ಹಾಗಿಲ್ಲ, ಅವಳ ಮೊರೊಕಾಂತ್ ವಂಶದಲ್ಲಿ ಇದೆ, ನಾನು ಒಪ್ಪಿದೆ. ಒಂದು ಹೆಣ್ಣು ಮಂದೆಮನುಷ್ಯಳನ್ನ ಆರಿಸಿಕೊಂಡಳು, ವಯಸ್ಸಾದವಳು. ನೀರು ಹುಯ್ದಳು. ನಾನು ಪರದೆ ಹಿಂದೆ ದಾಳ ಹಾಕಿ 'ಮೈ ಒದರಿದಳು' ಅಂದೆ. ತಂಗಿಯ ಕೊಯ್ತದ ಅಂಕಿ 60, ದಾಳದಲ್ಲಿ ಅದಕ್ಕಿಂತ ಕಮ್ಮಿ, 27 ಬಿತ್ತು, ಅಂದ್ರೆ ಕೊಯ್ತ ಸರಿಯಾಯ್ತು. ಜೀವ ತಾಯಿ ಕಡೆ ಹೋಯ್ತು. ವೈದ್ಯೆ ಏನ್ ಮಾಡ್ತಾಳೆ ಅಂತ ಕೇಳಿದೆ. 'ಬೆನ್ನು ತಿರುಗಿಸಿ ನಿಲ್ತಾಳೆ. ಬಿಟ್ಟು ಹೋಗಲ್ಲ' ಅಂದ್ರು. ಬಾತುಕೋಳಿ ಹುಮಕ್ತಿ ಆಡೋನು ಒಂದು ಮಾತೂ ಆಡದೆ ತನ್ನ ಕತ್ತಿಯನ್ನ ನೆಲಕ್ಕೂರಿ ತಲೆ ಬಗ್ಗಿಸಿದ ಅಂದ. ಆ ರಾತ್ರಿ ಊಟಕ್ಕೆ ಕೂರಬೇಕೋ ಬೇಡವೋ ಅಂತ ಅವರವರು ಹೇಳಿದ್ರು. ಬೈಸನ್ ಸವಾರ ಕೂತ. ವೈದ್ಯೆ ಕೂರಲಿಲ್ಲ.

ಕಪ್ಪುಗಾಜು ಅವರೇ, ಹೆಸರು ಕೇಳಿದೆ. ನಮ್ಮಜ್ಜ ಇನ್ನೂರು ಕುರೀಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಹೆಸರಿಟ್ಟಿದ್ರು: ಕರಿಕಿವಿ, ಕೆಂದಿ, ಬಿಳಿಮೂತಿ, ಮೋಟಬಾಲ. ಬಣ್ಣ, ಕಿವಿ, ನಡಿಗೆ ನೋಡಿ ಇಟ್ಟ ಹೆಸರುಗಳು. ತಂಗಿ ಅದೇ ಥರ ಒಂದೊಂದಾಗಿ ಬರೆದಳು. ಹತ್ತಕ್ಕೆ ಬರೆಯೋಕೆ ಅರ್ಧ ಗಂಟೆ ಹಿಡೀತು, ನಾವೆಲ್ಲ ಕಾಯ್ತಾ ಕೂತಿದ್ವಿ. ಬಲಗಾಲಿಗೆ ಈಟಿ ತಗುಲಿದೋನು ಪಟ್ಟಿಯ ಕೊನೇಲಿದ್ದಾನೆ. ಅವಳ ಅಕ್ಷರದಲ್ಲೇ ಹೀಗಿದೆ: 'ಕುಂಟ. ಕೊಯ್ಯೋದಕ್ಕಲ್ಲ, ಮಾರೋದಕ್ಕೂ ಅಲ್ಲ.'

ಯಾಕೆ ಅಂತ ನಾನು ಕೇಳಲಿಲ್ಲ. ಪೇಪ್ಸ್ ಗುಡಿಯ ಐರಿತಾ ಪೂಜಾರಿಣಿಯರು ಕೇಳೇ ಕೇಳ್ತಾರೆ. ಹಿಂಡಿನಲ್ಲಿ ಒಂದನ್ನ ಎತ್ತಿಟ್ಟರೆ ಅದು ಒಡಂಬಡಿಕೆ ಮುರಿದ ಹಾಗಾ? ಮುಂದಿನ ಭಾನುವಾರದೊಳಗೆ ಯಾರಾದ್ರೂ ಹೇಳಿ. ಪಂಡಿತರೇ, ವಿಶೇಷವಾಗಿ ನೀವು.